ಚಿಕ್ಕ ವಿಮಾನಕ್ಕೇಕೆ ಟ್ರಾನ್ಸ್‌ಪಾಂಡರ್?

ಆಕಾಶ ಅಷ್ಟು ದೊಡ್ಡದು, ಅಲ್ಲಿ ಎರಡು ವಿಮಾನ ಡಿಕ್ಕಿ ಹೊಡೆಯುವುದುಂಟೇ ಎಂದು ಕೇಳುವವರಿದ್ದಾರೆ. ಆಕಾಶವೇನೋ ದೊಡ್ಡದು, ವಿಮಾನಗಳು ಓಡಾಡುವ ದಾರಿ ಕಿರಿದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಬೋಯಿಂಗ್ 747 ಮತ್ತು ಕಜಾಕಸ್ತಾನದ ಇಲ್ಯೂಷಿನ್ ಡಿಕ್ಕಿಯಾಗಿ 349 ಜನ ಸತ್ತರು. ಆಗ ದೆಹಲಿಗೆ ಬರುವ, ಅಲ್ಲಿಂದ ಹೊರಡುವ ನಾಗರಿಕ ವಿಮಾನಗಳಿಗೆ ಇದ್ದದ್ದು ಒಂದೇ ಮಾರ್ಗ. ಡಿಕ್ಕಿ ತಪ್ಪಿಸುವ ಉಪಕರಣ, ಅಂದರೆ ಟಿಕಾಸ್, ನಮ್ಮಲ್ಲಿ ಕಡ್ಡಾಯವಾದದ್ದು ಆಮೇಲೆ.

"ದೊಡ್ಡ ವಿಮಾನದಲ್ಲಿ ಟಿಕಾಸ್ ಇದೆಯಲ್ಲ, ಚಿಕ್ಕದರಲ್ಲಿ ಏನೂ ಇಲ್ಲದಿದ್ದರೂ ನಡೆಯುತ್ತದೆ" ಎಂಬುದು ಇನ್ನೊಂದು ನಂಬಿಕೆ. ಇದು ಅಪಾಯಕಾರಿ ನಂಬಿಕೆ. ಟಿಕಾಸ್ ಸುತ್ತಲಿನ ವಿಮಾನಗಳನ್ನು ತಾನೇ ಕಾಣುವುದಿಲ್ಲ. 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕಳಿಸುತ್ತದೆ. ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ ಎಂಬ ಉಪಕರಣ 1090ರಲ್ಲಿ ಉತ್ತರ ಕೊಡುತ್ತದೆ. ಉತ್ತರ ಬರಲು ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ, ಉತ್ತರದೊಳಗಿನ ಅಂಕಿಯಿಂದ ಎತ್ತರ ಗೊತ್ತಾಗುತ್ತದೆ. ಉತ್ತರವೇ ಬಾರದಿದ್ದರೆ ಟಿಕಾಸ್ ಪಾಲಿಗೆ ಅಲ್ಲಿ ವಿಮಾನವೇ ಇಲ್ಲ.

2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನ ಅಮೆಜಾನ್ ಕಾಡಿನ ಮೇಲೆ 37,000 ಅಡಿ ಎತ್ತರದಲ್ಲಿ ಆದದ್ದು ಇದೇ. ಒಂದು ಕಡೆ ಗೋಲ್ ಸಂಸ್ಥೆಯ ಬೋಯಿಂಗ್ 737, ಇನ್ನೊಂದು ಕಡೆ ಏಳು ಜನರಿದ್ದ ಪುಟ್ಟ ಲೆಗಸಿ ಜೆಟ್. ಟಿಕಾಸ್ ಎರಡರಲ್ಲೂ ಇತ್ತು. ಆದರೆ ಲೆಗಸಿಯ ಟ್ರಾನ್ಸ್‌ಪಾಂಡರ್ ಉತ್ತರಿಸುತ್ತಿರಲಿಲ್ಲ. ಅದು ಸುಮ್ಮನಾದರೆ ಅದೇ ವಿಮಾನದ ಟಿಕಾಸ್ ಕೂಡ ಕೆಲಸ ಮಾಡದು. ಎರಡೂ ಕಾಕ್‌ಪಿಟ್‌ಗಳಲ್ಲಿ ಯಾವ ಎಚ್ಚರಿಕೆಯೂ ಮೊಳಗಲಿಲ್ಲ. ರೆಕ್ಕೆಯ ತುದಿ ಮುರಿದುಕೊಂಡ ಲೆಗಸಿ ಹೇಗೋ ಇಳಿಯಿತು. ಬೋಯಿಂಗ್‌ನಲ್ಲಿದ್ದ 154 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಹವೆ ತಿಳಿಯಾಗಿದ್ದರೆ ಪೈಲಟ್ ಕಣ್ಣೇ ಸಾಕು ಎನ್ನುವವರು ಹಳಬರಲ್ಲಿ ಹೆಚ್ಚು. ಆದರೆ ನೇರ ಡಿಕ್ಕಿಯ ಹಾದಿಯಲ್ಲಿ ಬರುತ್ತಿರುವ ವಿಮಾನ ಗಾಜಿನ ಮೇಲೆ ಅತ್ತಿತ್ತ ಸರಿಯುವುದೇ ಇಲ್ಲ. ಒಂದೇ ಜಾಗದಲ್ಲಿ ಚುಕ್ಕೆಯಂತೆ ನಿಂತಿದ್ದು, ಕೊನೆಯ ಕೆಲವು ಸೆಕೆಂಡುಗಳಲ್ಲಿ ಏಕಾಏಕಿ ದೊಡ್ಡದಾಗುತ್ತದೆ. ಚಲಿಸುವುದನ್ನು ಬೇಗ ಗುರುತಿಸುವ ನಮ್ಮ ಕಣ್ಣು ತಪ್ಪುವುದು ಇಲ್ಲೇ. ಕಂಡ ಮೇಲೂ ಅಪಾಯ ಗ್ರಹಿಸಿ ವಿಮಾನ ತಿರುಗಲು ಸುಮಾರು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆಯ ಲೆಕ್ಕ. 2019ರ ಮೇ ತಿಂಗಳಲ್ಲಿ ಅಲಾಸ್ಕಾದ ಕೆಚಿಕಾನ್ ಬಳಿ ಪ್ರವಾಸಿಗರನ್ನು ಹೊತ್ತ ಎರಡು ತೇಲುವಿಮಾನಗಳು ಹಗಲಿನಲ್ಲೇ ಡಿಕ್ಕಿಯಾಗಿ ಆರು ಮಂದಿ ಸತ್ತರು. ಅವುಗಳಲ್ಲೊಂದರ ಉಪಕರಣ ತನ್ನ ಎತ್ತರವನ್ನು ಪ್ರಸಾರ ಮಾಡುತ್ತಿರಲಿಲ್ಲ. ಕೂರಿಸಿದರಷ್ಟೇ ಸಾಲದು, ಅದು ಪೂರ್ತಿ ಕೆಲಸ ಮಾಡುತ್ತಿರಬೇಕು.

ಎಟಿಸಿ, ಅಂದರೆ ನೆಲದ ಮೇಲಿನ ವಿಮಾನ ಸಂಚಾರ ನಿಯಂತ್ರಣ, ಹೇಳಿದ್ದೇ ಅಂತಿಮ ಎಂಬುದೂ ಸರಿಯಲ್ಲ. 2002ರಲ್ಲಿ ಜರ್ಮನಿಯ ಉಬರ್ಲಿಂಗನ್ ಮೇಲೆ ಹಾರುತ್ತಿದ್ದ ರಷ್ಯಾದ ವಿಮಾನಕ್ಕೆ ಟಿಕಾಸ್ ಏರು ಎಂದಿತು, ಎಟಿಸಿ ಇಳಿ ಎಂದಿತು. ಪೈಲಟ್‌ಗಳು ಇಳಿಸಿದರು. ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ 71 ಸಾವು. ಈಗಿನ ನಿಯಮ ಸ್ಪಷ್ಟ: ಇಂಥ ಹೊತ್ತಿನಲ್ಲಿ ಟಿಕಾಸ್ ಮಾತನ್ನೇ ಪಾಲಿಸಬೇಕು.

ಕೊನೆಯದು, ಪ್ರಯಾಣಿಕರಿರುವ ಎಲ್ಲ ವಿಮಾನಕ್ಕೂ ಟಿಕಾಸ್ ಕಡ್ಡಾಯವೆಂಬ ಕಾನೂನು ಇದ್ದೇ ಇದೆ ಎಂಬ ಭರವಸೆ. ಅಂತರರಾಷ್ಟ್ರೀಯ ನಿಯಮ ಟಿಕಾಸ್ ಕೇಳುವುದು 5,700 ಕಿಲೋಗಿಂತ ಹೆಚ್ಚು ತೂಕದ ಅಥವಾ 19ಕ್ಕಿಂತ ಹೆಚ್ಚು ಪ್ರಯಾಣಿಕರ ಟರ್ಬೈನ್ ವಿಮಾನಗಳಿಗೆ. ಹುಬ್ಬಳ್ಳಿಗೆ ಬರುವ ಎಟಿಆರ್ ಇದರೊಳಗೆ ಬರುತ್ತದೆ, ಒಂಬತ್ತು ಸೀಟಿನ ಸೆಸ್ನಾ ಕ್ಯಾರವಾನ್ ಬರುವುದಿಲ್ಲ. ಹಾಗೆಂದು ಅದಕ್ಕೂ ಪೂರ್ಣ ಟಿಕಾಸ್ ಹಾಕಿ ಎನ್ನುವುದು ಅತಿಯಾಯಿತು: ಅದು ದುಬಾರಿ, ಮೇಲಾಗಿ ಅದು ಹೇಳಿದ ಕೂಡಲೇ ನಿಮಿಷಕ್ಕೆ 1,500 ಅಡಿ ಏರುವ ಕಸುವು ಎಲ್ಲ ಚಿಕ್ಕ ವಿಮಾನಗಳಿಗೂ ಇರದು. ಆದರೆ ಎತ್ತರ ಹೇಳುವ ಟ್ರಾನ್ಸ್‌ಪಾಂಡರ್‌ಗೆ ಆ ನೆಪ ನಡೆಯದು. ಟಿಕೆಟ್ ಮಾರಿ ಒಬ್ಬನೇ ಪ್ರಯಾಣಿಕನನ್ನು ಕೂರಿಸಿಕೊಂಡರೂ ಅದು ಕಡ್ಡಾಯವಾಗಿರಬೇಕು.