ಕೊನೆಯ 97 ಕಾರ್ಡುಗಳು

ವರ್ಷಾಂತ್ಯದ ದಾಸ್ತಾನು ಪರಿಶೀಲನೆಗೆ ಹೋದಾಗ ಗೋದಾಮಿನ ಮೂಲೆಯಲ್ಲಿ ಧೂಳು ಹಿಡಿದ ಪೆಟ್ಟಿಗೆಗಳು ಕಾಣಸಿಗದಿರುವುದು ಅಪರೂಪ. “ಇದಕ್ಕೆ ಎಷ್ಟು ಬೆಲೆ ಕಟ್ಟೋಣ ಸಾರ್?” ಎಂದು ಮಾಲೀಕರು ಕೇಳುತ್ತಾರೆ. ತಗುಲಿದ ವೆಚ್ಚ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದು ಎಂಬುದು ಲೆಕ್ಕಶಾಸ್ತ್ರದ ಉತ್ತರ. ಆ ಉತ್ತರ ಹೇಳುವಾಗ ನನಗೆ ಅಮೆರಿಕದ ಬೇಸ್‌ಬಾಲ್ ಕಾರ್ಡುಗಳ ಪ್ರಸಂಗ ನೆನಪಾಗುತ್ತದೆ.

ಮುಂಬದಿಯಲ್ಲಿ ಆಟಗಾರನ ಚಿತ್ರ, ಹಿಂಬದಿಯಲ್ಲಿ ಅವನ ವಿವರಗಳಿರುವ ಈ ರಟ್ಟಿನ ತುಂಡುಗಳು ಮೊದಲು ಸಿಗರೇಟು ಪ್ಯಾಕಿನೊಡನೆ, ಅನಂತರ ಚೂಯಿಂಗ್ ಗಮ್ಮಿನೊಡನೆ ಬರುತ್ತಿದ್ದವು. ಪ್ರತಿಯೊಂದಕ್ಕೂ ಕ್ರಮಸಂಖ್ಯೆಯಿದ್ದರೆ ಇಡೀ ಸರಣಿಯನ್ನು ಕೂಡಿಹಾಕುವ ಹಂಬಲ ತಾನಾಗಿಯೇ ಹುಟ್ಟುತ್ತದೆ. ಮಾರಾಟಗಾರರು ಇದನ್ನು ಚೆನ್ನಾಗಿ ಅರಿತಿದ್ದರು. 1933ರಲ್ಲಿ ಬಾಸ್ಟನ್ನಿನ ಗೌಡಿ ಕಂಪನಿ 240 ಸಂಖ್ಯೆಗಳ ಸರಣಿಯನ್ನು ಹೊರತಂದಿತು. 106ನೆಯದನ್ನು ಮಾತ್ರ ಅಚ್ಚು ಹಾಕಿಸಲೇ ಇಲ್ಲ. ಹುಡುಗರು ಎಷ್ಟು ಗಮ್ ಕೊಂಡರೂ ಅದು ಸಿಗದು. ದೂರಿನ ಪತ್ರಗಳು ಬಂದ ಮೇಲೆ, 1934ರಲ್ಲಿ ಹಳೆಯ ಆಟಗಾರ ನ್ಯಾಪ್ ಲಾಜೋಯಿಯ ಕಾರ್ಡನ್ನು ಆ ಸಂಖ್ಯೆಯಲ್ಲಿ ಮುದ್ರಿಸಿ, ಪತ್ರ ಬರೆದವರಿಗೆ ಅಂಚೆಯಲ್ಲಿ ಕಳುಹಿಸಿದರು. ಇದನ್ನು ನಾನು ಜಾಣತನವೆನ್ನಲಾರೆ. ಆದರೆ ಇಂದು ಆ ಸರಣಿಯನ್ನು ಪೂರ್ತಿಗೊಳಿಸುವವರಿಗೆ ಅದೇ ಕಾರ್ಡು ಎಲ್ಲಕ್ಕಿಂತ ದೊಡ್ಡ ತೊಡಕು.

ಸಂಗ್ರಾಹಕರು ಬಹಳವಾಗಿ ಬೆನ್ನುಹತ್ತುವ ಇನ್ನೊಂದು ಸರಣಿ ಬ್ರೂಕ್ಲಿನ್ನಿನ ಟಾಪ್ಸ್ ಕಂಪನಿಯದು: 1952, ಒಟ್ಟು 407 ಕಾರ್ಡುಗಳು. ಕಂಪನಿ ಇದನ್ನು ಕಂತುಕಂತಾಗಿ ಬಿಡುಗಡೆ ಮಾಡಿತು. 311ರಿಂದ 407ರವರೆಗಿನ ಕೊನೆಯ ಕಂತು ಅಂಗಡಿ ಸೇರುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತ ಬಂದಿತ್ತು, ಹುಡುಗರ ಗಮನ ಫುಟ್‌ಬಾಲಿನತ್ತ ಹೊರಳಿತ್ತು. ಹಬ್ಬ ಕಳೆದ ಮೇಲೆ ಬಂದ ಸರಕಿನ ಗತಿಯೇ ಅದಕ್ಕೂ ಆಯಿತು. ಆದ್ದರಿಂದ ಮೊದಲ 310 ಕಾರ್ಡುಗಳನ್ನು ತಾಳ್ಮೆಯಿಂದ ಒಟ್ಟುಗೂಡಿಸಿದವನೂ ಉಳಿದ 97ರ ಎದುರು ಕೈಚೆಲ್ಲಿ ಕೂರುವುದುಂಟು. ಸರಣಿಯ ವೆಚ್ಚವನ್ನು ಸರಾಸರಿ ತೆಗೆದು ಅಂದಾಜು ಮಾಡಿದವನು ಮೋಸಹೋಗುವುದು ಇಲ್ಲಿಯೇ.

ಮತ್ತೊಂದು ಸೋಜಿಗವಿದೆ. ನೂರು ಚಿತ್ರಗಳ ಹಾಳೆಯಲ್ಲಿ 97 ಮಾತ್ರ ಇದ್ದುದರಿಂದ 311, 312, 313ನೆಯ ಕಾರ್ಡುಗಳು ಎರಡೆರಡು ಬಾರಿ ಮುದ್ರಣಗೊಂಡವು. ಎಂದರೆ ಕೊನೆಯ ಕಂತಿನಲ್ಲಿ ಅವೇ ಹೆಚ್ಚು. ಆದರೂ 311ನೆಯ ಮಿಕಿ ಮ್ಯಾಂಟಲ್ ಕಾರ್ಡಿನ ಬೆಲೆಯೇ ಎಲ್ಲಕ್ಕಿಂತ ಮೇಲು. ಕೊರತೆಗಿಂತ ಬೇಡಿಕೆ ಬಲವಾದುದು. ಇತ್ತ ಮೊದಲನೆಯ ಆಂಡಿ ಪ್ಯಾಫ್ಕೊ ಕಾರ್ಡು ಸಾಧಾರಣ ಆಟಗಾರರ ಕಾರ್ಡಿನಂತೆ ಅಗ್ಗವಾಗಿರಬೇಕಿತ್ತು. ಆದರೆ ಹುಡುಗರು ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರಾಗಿ ಮೇಲಿನ ಕಾರ್ಡು ಸವೆಯುತ್ತಿತ್ತು. ಹೀಗಾಗಿ ಅಂಚು ಕೆಡದ ಪ್ಯಾಫ್ಕೊ ಬಲು ದುಬಾರಿ.

ಒಬ್ಬರು 1991ರಲ್ಲಿ 50,000 ಡಾಲರಿಗೆ ಕೊಂಡ ಮ್ಯಾಂಟಲ್ ಕಾರ್ಡು 2022ರ ಆಗಸ್ಟಿನ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಖರ್ಚುವೆಚ್ಚ ಬದಿಗಿಟ್ಟರೆ ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಶೇ. 19.5. ಇಂಥ ಸಂಗ್ರಹವಸ್ತುಗಳ ದೀರ್ಘಾವಧಿ ಲಾಭದ ಮೇಲೆ ಅಮೆರಿಕದಲ್ಲಿ ಗರಿಷ್ಠ ಶೇ. 28ರ ತೆರಿಗೆಯಿದೆ. ಷೇರುಗಳಿಗಿಂತ ಇದು ಹೆಚ್ಚು.

ಈಗ ಗೋದಾಮಿನ ಮಾತಿಗೆ ಬರೋಣ. ಮಾರಾಟವಾಗದೆ ಉಳಿದ 1952ರ ಕಾರ್ಡುಗಳು ವರ್ಷಗಟ್ಟಲೆ ಜಾಗ ತಿಂದವು. ಟಾಪ್ಸಿನ ಸೈ ಬರ್ಗರ್ ಅವರು ಹೇಳಿಕೊಂಡಂತೆ, ಜಾತ್ರೆಗಳಲ್ಲಿ ಒಂದು ಸೆಂಟಿಗೆ ಹತ್ತರಂತೆ ಕೊಟ್ಟರೂ ಕೊಳ್ಳುವವರಿರಲಿಲ್ಲ. ಕೊನೆಗೆ 1960ರಲ್ಲಿ ಪೆಟ್ಟಿಗೆಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರಂತೆ. ಅವುಗಳಲ್ಲಿ ಮ್ಯಾಂಟಲ್‌ಗಳೂ ಇದ್ದವು.

ಇದನ್ನು ಕೇಳಿದ ಕಕ್ಷಿದಾರರೊಬ್ಬರು, “ನೋಡಿದಿರಾ ಸಾರ್, ಹಳೆಯ ಸರಕನ್ನು ಎಸೆಯಬಾರದು” ಎಂದು ನನಗೇ ತಿರುಗೇಟು ಕೊಟ್ಟರು. ನಾನು ಒಪ್ಪಲಿಲ್ಲ. ಆ ಲೆಕ್ಕಪುಸ್ತಕ 1960ರಲ್ಲಿ ನನ್ನ ಮುಂದೆ ಬಂದಿದ್ದರೆ ದಾಸ್ತಾನನ್ನು ಸೊನ್ನೆಗಿಳಿಸಲು ನಾನೂ ಸಹಿ ಹಾಕುತ್ತಿದ್ದೆ. ಬಾಡಿಗೆ ಕಟ್ಟುತ್ತ ಅರುವತ್ತು ವರ್ಷ ಕಾಯುವ ವರ್ತಕನಿಲ್ಲ. ಅಲ್ಲದೆ ಆ ಕಾರ್ಡುಗಳೆಲ್ಲ ದಡದಲ್ಲೇ ಉಳಿದಿದ್ದರೆ ಇಂದಿನ ಬೆಲೆ ಎಲ್ಲಿಂದ ಬರಬೇಕಿತ್ತು? ಬೆಲೆಯೇರಿಕೆಯ ಸುದ್ದಿ ಕೇಳಿ 1980ರ ದಶಕದ ಕೊನೆಯಲ್ಲಿ ಅಮೆರಿಕದ ಜನ ಹೊಸ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು ಭದ್ರಪಡಿಸಿದರು. ಕಂಪನಿಗಳೂ ಮಿತಿಮೀರಿ ಮುದ್ರಿಸಿದವು. ಮೊಹರು ಒಡೆಯದೆ ಕಾಪಾಡಿದ ಆ ಪೆಟ್ಟಿಗೆಗಳಲ್ಲಿ ಬಹುಪಾಲು ಇಂದಿಗೂ ಕೊಂಡ ಬೆಲೆಯ ಮೇಲಿನ ಬಡ್ಡಿಯನ್ನೂ ಹುಟ್ಟಿಸಿಲ್ಲ.