ದೊಡ್ಡ ಹೋಟೆಲಿಗೆ ಮಕ್ಕಳೊಂದಿಗೆ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂನವರು ರೈಲಿನಲ್ಲಿ, ರೈಲಿಲ್ಲದ ಚಿಂಚೋಳಿಯವರು ಬಸ್ಸಿನಲ್ಲಿ ಹೈದರಾಬಾದಿಗೆ ಹೋಗುವುದು ಹಳೆಯ ರೂಢಿ. ಮದುವೆಯ ಬಟ್ಟೆ, ಆಸ್ಪತ್ರೆ, ನೆಂಟರ ಮನೆ, ಕಾರಣ ಏನೇ ಇರಲಿ, ಈಗ ಅಲ್ಲಿನ ದುಬಾರಿ ಹೋಟೆಲಿನಲ್ಲಿ ಒಂದು ಊಟವೂ ಅದಕ್ಕೆ ಸೇರಿಕೊಂಡಿದೆ. ಮಕ್ಕಳನ್ನು ಕರೆದೊಯ್ಯಬಹುದೇ ಎಂಬುದು ತಾಯಂದಿರ ಚಿಂತೆ.

ಧಾರಾಳವಾಗಿ ಕರೆದೊಯ್ಯಿರಿ. ಆದರೆ ಅಲ್ಲಿ ಸೂಪು, ಕಬಾಬು, ಬಿರಿಯಾನಿ ಒಂದೊಂದಾಗಿ ಬರುತ್ತವೆ. ಮನೆಯ ದಸ್ತರಖಾನಿನಲ್ಲಿ ಎಲ್ಲವನ್ನೂ ಒಟ್ಟಿಗೇ ಕಂಡ ನಾಲ್ಕು ವರ್ಷದ ಮಗುವಿಗೆ ಈ ಕಾಯುವಿಕೆ ಅರ್ಥವಾಗದು. ಹತ್ತು ನಿಮಿಷದಲ್ಲಿ ಮೇಜಿನ ಕೆಳಗೆ ನುಸುಳುತ್ತದೆ. ಆಗ ಎದ್ದು ಓಡಾಡುವವಳು ಯಾರು? ತಾಯಿಯೇ. ಅವಳ ಊಟಕ್ಕೂ ಹಣ ಕೊಟ್ಟಿರುತ್ತೀರಿ, ತಟ್ಟೆ ಮಾತ್ರ ಆರಿ ಹೋಗಿರುತ್ತದೆ. ಸ್ವಲ್ಪ ಹೊತ್ತು ತಂದೆಯೂ ಮಗುವನ್ನು ಎತ್ತಿಕೊಂಡರೆ ಅವರ ಗೌರವವೇನೂ ಕಡಿಮೆಯಾಗುವುದಿಲ್ಲ.

ರಾತ್ರಿ ಒಂಬತ್ತರ ಬದಲು ಏಳಕ್ಕೇ ಹೋಗುವುದು ಲೇಸು. ಗದ್ದಲ ಕಡಿಮೆ, ಮಗುವಿಗೂ ನಿದ್ದೆ ಬಂದಿರುವುದಿಲ್ಲ. ಕುಳಿತ ಕೂಡಲೇ ಅದಕ್ಕೆ ಖಾರವಿಲ್ಲದ ಏನನ್ನಾದರೂ ತರಿಸಿ. ಬುಫೆಯಾದರೆ ಮಕ್ಕಳ ದರವನ್ನು ಫೋನಿನಲ್ಲೇ ವಿಚಾರಿಸಿಕೊಳ್ಳಿ. ಮೇಜಿನ ನಡುವೆಯೇ ಕೆಂಡ ಇಡುವ ಹೋಟೆಲುಗಳೂ ಇವೆ. ಅಲ್ಲಿ ಪುಟ್ಟ ಮಗುವನ್ನು ಕೂರಿಸುವುದು ನನಗಂತೂ ಸರಿಕಾಣದು.

ಮಾಂಸ ಹಲಾಲ್ ಹೌದೇ ಎಂದು ಕೇಳಲು ಸಂಕೋಚ ಬೇಡ. ವಿದೇಶಿ ಅಡುಗೆಯಲ್ಲಿ ಸಾಸಿಗೆ ವೈನ್, ಪುಡ್ಡಿಂಗಿಗೆ ಜೆಲಾಟಿನ್ ಬಳಸುವುದುಂಟು. ಮಕ್ಕಳು ಮೊದಲು ಕೈಹಾಕುವುದೇ ಸಿಹಿಗೆ!

ಎಂಟು ಹತ್ತು ವರ್ಷದವರ ಮಾತು ಬೇರೆ. ಮೆನು ಅವರ ಕೈಗೇ ಕೊಡಿ. ಬೆಲೆ ಓದಲಿ, ಬಡಿಸುವವರೊಂದಿಗೆ ಅವರೇ ಮಾತಾಡಲಿ, ಕೊನೆಗೆ ಬಿಲ್ಲನ್ನೂ ಅವರೇ ಕೂಡಿಸಿ ನೋಡಲಿ.