ವಿಕಿರಣದ ಏಟು ತಿಂದರೂ ಕೆಡದ ಸೆರಾಮಿಕ್: ಇದರ ಗುಟ್ಟೇನು?

ಕಾರವಾರ: ಕೈಗಾ ಅಣು ವಿದ್ಯುತ್ ಸ್ಥಾವರದ ಹೆಸರು ಕೇಳದವರು ತಾಲೂಕಿನಲ್ಲಿ ಯಾರೂ ಇಲ್ಲ. ಆದರೆ ಅಲ್ಲಿ ಬಳಸೋ ಇಂಧನ ಒಂದು ಬಗೆಯ ಸೆರಾಮಿಕ್ ಅಂತ ಎಷ್ಟು ಜನರಿಗೆ ಗೊತ್ತು? ಯುರೇನಿಯಂ ಡೈಆಕ್ಸೈಡ್ ಪುಡಿಯನ್ನು ಒತ್ತಿ, ಸುಟ್ಟು ಮಾಡಿದ ಸಣ್ಣ ಗುಳಿಗೆಗಳವು.

ಇಂಧನ ಬಳಸಿದ ಮೇಲೆ ತ್ಯಾಜ್ಯ ಉಳಿಯುತ್ತೆ. ಅದರಲ್ಲಿರುವ ಪ್ಲುಟೋನಿಯಂ-239 ಅರ್ಧಕ್ಕೆ ಇಳಿಯೋದಕ್ಕೇ ಸುಮಾರು 24,100 ವರ್ಷ ಬೇಕು. ಅಷ್ಟು ಕಾಲ ಇಂಥದ್ದನ್ನು ಹಿಡಿದಿಡುವ ವಸ್ತು ಯಾವುದು? ವಿಜ್ಞಾನಿಗಳ ಮುಂದಿರೋ ಪ್ರಶ್ನೆ ಇದೇ.

ಒಳಗೆ ಏನಾಗುತ್ತೆ?

ಸೆರಾಮಿಕ್ ಒಳಗೆ ಪರಮಾಣುಗಳು ಕ್ರಮವಾಗಿ ಸಾಲು ಹಿಡಿದಿರುತ್ತವೆ. ಪ್ಲುಟೋನಿಯಂ ಪರಮಾಣು ಆಲ್ಫಾ ಕಣವನ್ನು ಉಗುಳಿದಾಗ, ಗುಂಡು ಹಾರಿಸಿದ ಬಂದೂಕಿನ ಹಾಗೆ ಉಳಿದ ಭಾರದ ಭಾಗ ಹಿಂದಕ್ಕೆ ಒದೆಯುತ್ತೆ. ಆ ಒಂದೇ ಏಟಿಗೆ ಸಾವಿರದಷ್ಟು ಪರಮಾಣುಗಳು ಜಾಗ ಬಿಡಬಹುದು. ಅವು ಮತ್ತೆ ಸಾಲಿಗೆ ಸೇರದಿದ್ದರೆ ವಸ್ತು ಉಬ್ಬುತ್ತೆ, ಬಿರುಕು ಬಿಡಬಹುದು. ನೀರು ತಾಗಿದರೆ ಒಳಗಿನ ವಿಕಿರಣ ಧಾತು ಹೊರಗೆ ಸೋರುವ ಅಪಾಯವೂ ಇದೆ.

ಅದಲು ಬದಲಾದರೂ ಬೀಳದ ಸಾಲು

2000ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಕರ್ಟ್ ಸಿಕಾಫಸ್ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೊಂದು ಉತ್ತರ ಕೊಟ್ಟಿತು. ಎರಡು ಲೋಹ ಮತ್ತು ಆಮ್ಲಜನಕ ಸೇರಿದ ಸಂಕೀರ್ಣ ಆಕ್ಸೈಡ್‌ಗಳ ಮೇಲೆ ತಂಡ ಜೆನಾನ್ ಅಯಾನುಗಳನ್ನು ರಭಸದಿಂದ ಹಾಯಿಸಿತು. ಎರ್ಬಿಯಂ ಟೈಟನೇಟ್‌ನ ಸಾಲು ಕೆಟ್ಟುಹೋಯ್ತು. ಎರ್ಬಿಯಂ ಜಿರ್ಕೋನೇಟ್ ಮಾತ್ರ ಹರಳಾಗೇ ಉಳಿಯಿತು.

ದಿನಸಿ ಅಂಗಡಿಯ ಕಪಾಟು ನೆನಪಿಸಿಕೊಳ್ಳಿ. ಡಬ್ಬಿಗಳು ಹೆಚ್ಚುಕಡಿಮೆ ಒಂದೇ ಅಳತೆಯಾದರೆ, ಅದರ ಜಾಗದಲ್ಲಿ ಇದು, ಇದರ ಜಾಗದಲ್ಲಿ ಅದು ಇಟ್ಟರೂ ಸಾಲು ನಿಲ್ಲುತ್ತೆ. ಒಂದು ದೊಡ್ಡದು, ಒಂದು ತೀರಾ ಸಣ್ಣದಾದರೆ ಉರುಳುತ್ತೆ. ಎರ್ಬಿಯಂಗೆ ಹೋಲಿಸಿದರೆ ಟೈಟಾನಿಯಂ ಬಹಳ ಸಣ್ಣದು, ಜಿರ್ಕೋನಿಯಂ ಅಷ್ಟು ಸಣ್ಣದಲ್ಲ. ಹಾಗಾಗಿ ಜಿರ್ಕೋನೇಟ್‌ನಲ್ಲಿ ಅದಲು ಬದಲು ಸಲೀಸು. ಅಂದರೆ ಏಟನ್ನು ತಡೆಯೋದಲ್ಲ, ಏಟು ಬಿದ್ದ ಮೇಲೆ ಹೊಂದಿಕೊಳ್ಳೋದೇ ಇದರ ಶಕ್ತಿ.

ಕೈಗಾ ಇಂಧನಕ್ಕೂ ನಂಟು

ಏಟು ತಿಂದ ಮೇಲೆ ಜಿರ್ಕೋನೇಟ್ ಉಳಿಸಿಕೊಳ್ಳುವ ರಚನೆಗೆ ಫ್ಲೋರೈಟ್ ಅಂತ ಹೆಸರು. ಯುರೇನಿಯಂ ಡೈಆಕ್ಸೈಡ್ ಗುಳಿಗೆಯದ್ದೂ ಇದೇ ರಚನೆ.

ನಮ್ಮ ದೇಶದಲ್ಲಿ ಸದ್ಯ ಹೆಚ್ಚು ವಿಕಿರಣದ ತ್ಯಾಜ್ಯವನ್ನು ಗಾಜಿನಲ್ಲಿ ಕರಗಿಸಿ ಗಟ್ಟಿ ಮಾಡುತ್ತಾರೆ. ತಾರಾಪುರ, ಟ್ರಾಂಬೆ, ಕಲ್ಪಾಕ್ಕಂನಲ್ಲಿ ಇದರ ಘಟಕಗಳಿವೆ. ಆಸ್ಟ್ರೇಲಿಯಾದವರು 1978ರಿಂದ ‘ಸಿನ್‌ರಾಕ್’ ಎಂಬ ಸೆರಾಮಿಕ್ ಬೆಳೆಸುತ್ತಾ ಬಂದಿದ್ದಾರೆ. ಲ್ಯಾಬ್‌ನ ಪರೀಕ್ಷೆ ಕೆಲವೇ ಗಂಟೆಗಳದ್ದು, ತ್ಯಾಜ್ಯದ ಆಯಸ್ಸು ಸಾವಿರಾರು ವರ್ಷ. ಆ ಅಂತರ ತುಂಬುವ ಕೆಲಸ ಇನ್ನೂ ನಡೀತಿದೆ.